ರಕ್ತದ ಯಾವ ಗುಂಪು ಅನ್ನೋದು ಆಮೇಲೆ, ಮೊದಲು ಯಾವ ಭಾಗ ಅಂತ ಕೇಳಿ

ಆಗಸ್ಟ್ ತಿಂಗಳು, ಚಿಕ್ಕಪ್ಪನಿಗೆ ಡೆಂಗಿ. ರಾತ್ರಿ ಹತ್ತೂವರೆಗೆ ವಾರ್ಡಿನ ಸಿಸ್ಟರ್ ಬಂದು ನನ್ನ ಕೈಗೆ ಒಂದು ಚೀಟಿ, ಜೊತೆಗೆ ಚಿಕ್ಕಪ್ಪನ ರಕ್ತ ತುಂಬಿದ ಪುಟ್ಟ ಟ್ಯೂಬು ಕೊಟ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟು: ‘4 ಆರ್‌ಡಿಪಿ ಅಥವಾ 1 ಎಸ್‌ಡಿಪಿ. ಬಿ ಪಾಸಿಟಿವ್.’

“ಯಾವುದು ತರಲಿ ಸಿಸ್ಟರ್?”

“ಯಾವುದು ಸಿಗತ್ತೋ ಅದು ಸಾರ್.”

ಒಂದರದ್ದು ಸಾವಿರದ ಲೆಕ್ಕ, ಇನ್ನೊಂದರದ್ದು ಹತ್ತು ಸಾವಿರದ ಲೆಕ್ಕ. ಒಂದು ಕಪಾಟಿನಲ್ಲಿ ರೆಡಿ ಇರಬಹುದು, ಇನ್ನೊಂದಕ್ಕೆ ಆ ರಾತ್ರಿಯಲ್ಲಿ ಒಬ್ಬ ದಾನಿಯನ್ನು ಹುಡುಕಿ ಕರೆತರಬೇಕು. ಎರಡೂ ಪ್ಲೇಟ್‌ಲೆಟ್ಟೇ, ಅಂದರೆ ರಕ್ತ ಸೋರದಂತೆ ತಡೆಯುವ ಪುಟ್ಟ ಕಣ. ನನಗೆ ಆಗ ಈ ಎರಡಕ್ಕೂ ಇರುವ ವ್ಯತ್ಯಾಸವೇ ಗೊತ್ತಿರಲಿಲ್ಲ. ಆಮೇಲೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ರಕ್ತ ಬೇಕು ಅಂತ ಬಂದಾಗಲೆಲ್ಲ ಓಡಾಡಿ, ಬ್ಲಡ್ ಸೆಂಟರಿನ ಟೆಕ್ನಿಷಿಯನ್ನರ ತಲೆ ತಿಂದು ಒಂದಿಷ್ಟು ಕಲಿತೆ. ಗುಂಪಿನಲ್ಲಿ ಜನ ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ನಾನು ಡಾಕ್ಟರಲ್ಲ. ರೋಗಿಗೆ ಏನು ಏರಿಸಬೇಕು ಅನ್ನೋದು ಡಾಕ್ಟರ ತೀರ್ಮಾನ. ಆದರೆ ರೋಗಿಯ ಜೊತೆಗಿರುವ ಅಟೆಂಡರ್ ಪಾಲಿಗೂ ಕೆಲವು ಆಯ್ಕೆ ಉಳಿಯುತ್ತವೆ, ದಾನಿಯ ಪಾಲಿಗಂತೂ ಉಳಿದೇ ಉಳಿಯುತ್ತವೆ.

ಮೊದಲು ಅಳತೆಗೋಲು

ಚೀಟಿ ಕೈಗೆ ಬಂದ ಕೂಡಲೇ ಐದು ಪ್ರಶ್ನೆ ಕೇಳಿಕೊಳ್ಳಿ. ರೋಗಿಯ ಮೈಯಲ್ಲಿ ಕಮ್ಮಿ ಆಗಿರೋದು ಏನು: ಕೆಂಪು ಕಣವೋ, ಪ್ಲೇಟ್‌ಲೆಟ್ಟೋ, ರಕ್ತ ಹೆಪ್ಪುಗಟ್ಟಿಸುವ ಅಂಶವೋ? ಎಷ್ಟು ಹೊತ್ತು ಕಾಯಬಹುದು: ಅರ್ಧ ಗಂಟೆಯೋ, ನಾಳೆ ಬೆಳಗಿನವರೆಗೋ? ಇದು ಒಂದೇ ಸಲದ್ದೋ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೋ? ಎಷ್ಟು ಜನ ದಾನಿಗಳ ರಕ್ತ ಒಬ್ಬರ ಮೈಗೆ ಹೋಗುತ್ತದೆ? ಕೊನೆಗೆ, ದುಡ್ಡು ಎಷ್ಟಿದೆ?

ಮೂರನೆಯದನ್ನು ಯಾರೂ ಕೇಳಲ್ಲ. ನನ್ನ ಕೇಳಿದರೆ ಉತ್ತರ ಬದಲಾಯಿಸೋದೇ ಆ ಪ್ರಶ್ನೆ.

ರಕ್ತದ ಗುಂಪನ್ನು ಈ ಪಟ್ಟಿಯಲ್ಲಿ ಬೇಕಂತಲೇ ಬಿಟ್ಟಿದ್ದೇನೆ. ಗುಂಪು ಹೊಂದಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಯಾರದ್ದು ಯಾರಿಗೆ ಹೊಂದುತ್ತದೆ ಅನ್ನೋದು ರಕ್ತದ ಯಾವ ಭಾಗ ಕೊಡುತ್ತಿದ್ದೀವಿ ಅನ್ನೋದರ ಮೇಲೆ ನಿಂತಿದೆ. ‘ಬಿ ಪಾಸಿಟಿವ್ ಬೇಕು, ಅರ್ಜೆಂಟ್’ ಅನ್ನುವ ಮೆಸೇಜು ಅರ್ಧ ಮೆಸೇಜು.

ಒಂದು ಬ್ಯಾಗು ಒಡೆದರೆ ಮೂರು

ನಾವು ಕೊಡೋದು 350 ಅಥವಾ 450 ಎಂ.ಎಲ್. ರಕ್ತ. ಬ್ಲಡ್ ಸೆಂಟರಿನಲ್ಲಿ ಆ ಬ್ಯಾಗನ್ನು ಸೆಂಟ್ರಿಫ್ಯೂಜಿಗೆ ಹಾಕಿ ಗಿರಗಿರ ತಿರುಗಿಸುತ್ತಾರೆ. ಭಾರದ ಕೆಂಪು ಕಣ ತಳಕ್ಕೆ ಇಳಿಯುತ್ತದೆ. ತಿಳಿ ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ನಡುವೆ ಹಾಲಿನ ಕೆನೆಯಂಥ ತೆಳು ಪದರ, ಅದರಲ್ಲಿ ಬಿಳಿ ಕಣ ಮತ್ತು ಪ್ಲೇಟ್‌ಲೆಟ್ಟು. ಒಂದೊಂದನ್ನೂ ಬೇರೆ ಬೇರೆ ಬ್ಯಾಗಿಗೆ ಇಳಿಸಿಕೊಂಡರೆ ಒಬ್ಬರ ರಕ್ತ ಮೂರು ಜನಕ್ಕೆ ಆಗುತ್ತದೆ.

ಕೆಂಪು ಕಣ ಇರೋದು ಫ್ರಿಜ್ಜಿನಲ್ಲಿ, 2ರಿಂದ 6 ಡಿಗ್ರಿಯಲ್ಲಿ. ಕಣವನ್ನು ಕಾಪಾಡುವ ದ್ರಾವಣ ಬೆರೆಸಿದ್ದರೆ 42 ದಿನ ಇರುತ್ತದೆ. ಹೆರಿಗೆ, ಅಪಘಾತ, ಆಪರೇಷನ್, ತೀರಾ ಇಳಿದ ಹಿಮೋಗ್ಲೋಬಿನ್, ಇವಕ್ಕೆ ಬೇಕಾಗೋದು ಇದು. ದೊಡ್ಡವರಿಗೆ ಒಂದು ಬ್ಯಾಗು ಏರಿಸಿದರೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರುತ್ತದೆ. ಚೀಟಿಯಲ್ಲಿ ಪಿಆರ್‌ಬಿಸಿ ಅಂತ ಬರೆದಿರುತ್ತಾರೆ.

ಪ್ಲಾಸ್ಮಾ ಫ್ರೀಜರಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ, ಒಂದು ವರ್ಷ ತಡೆಯುತ್ತದೆ. ಚೀಟಿಯಲ್ಲಿ ಇದರ ಹೆಸರು ಎಫ್‌ಎಫ್‌ಪಿ. ರಕ್ತ ಹೆಪ್ಪುಗಟ್ಟಿಸುವ ಅಂಶ ಇರೋದು ಇದರಲ್ಲೇ, ಹಾಗಾಗಿ ಲಿವರ್ ಕೈಕೊಟ್ಟವರಿಗೆ, ರಕ್ತ ನಿಲ್ಲದೆ ಸೋರುತ್ತಿರುವವರಿಗೆ ಕೊಡುತ್ತಾರೆ. ಬಿಸಿನೀರಿನ ತೊಟ್ಟಿಯಲ್ಲಿ 37 ಡಿಗ್ರಿಗೆ ಕರಗಿಸಬೇಕು, ಅದಕ್ಕೇ ಅರ್ಧ ಗಂಟೆ ಹಿಡಿಯುತ್ತದೆ. ಕೌಂಟರಿನಲ್ಲಿ ‘ಇನ್ನೂ ಎಷ್ಟು ಹೊತ್ರೀ’ ಅಂತ ಕೂಗಾಡಿ ಪ್ರಯೋಜನ ಇಲ್ಲ.

ಪ್ಲೇಟ್‌ಲೆಟ್ಟಿನ ಗುಣವೇ ಬೇರೆ. ಇದು ತಂಪನ್ನು ಸಹಿಸಲ್ಲ. 20ರಿಂದ 24 ಡಿಗ್ರಿಯಲ್ಲಿ, ಹಗಲೂ ರಾತ್ರಿ ಅಲ್ಲಾಡುವ ತಟ್ಟೆಯ ಮೇಲೆ, ತೊಟ್ಟಿಲಲ್ಲಿಟ್ಟ ಕೂಸಿನ ಹಾಗೆ ತೂಗಿಸಿಕೊಂಡಿರಬೇಕು. ಹಾಗೆ ಇಟ್ಟರೂ ಐದೇ ದಿನ. ಒಮ್ಮೆ ಒಬ್ಬ ಟೆಕ್ನಿಷಿಯನ್ ಬ್ಯಾಗನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಅಲುಗಿಸಿ ತೋರಿಸಿದರು. ತಿಳಿ ಹಳದಿ ನೀರಿನೊಳಗೆ ರೇಷ್ಮೆ ಸೀರೆಯ ಮಿನುಗಿನಂಥ ಸುಳಿಗಳು ತಿರುಗುತ್ತಿದ್ದವು. “ಹೀಗೆ ಸುಳಿ ಕಂಡರೆ ಚೆನ್ನಾಗಿದೆ ಅಂತ. ಕಾಣದೆ ಹೋದರೆ ನಾವು ಕೊಡಲ್ಲ” ಅಂದರು.

ಇದು ಗೊತ್ತಿಲ್ಲದೆ ನಮ್ಮ ಭಾವ ಒಂದು ಸಲ ಪ್ಲೇಟ್‌ಲೆಟ್ ತರಲು ಥರ್ಮೊಕೋಲ್ ಡಬ್ಬಿ ಹಿಡಿದು ಹೊರಟಿದ್ದರು. ದಾರಿಯಲ್ಲಿ ಜ್ಯೂಸ್ ಅಂಗಡಿಯವನ ಹತ್ತಿರ ಇಪ್ಪತ್ತು ರೂಪಾಯಿ ಕೊಟ್ಟು ಐಸು ಬೇರೆ ತುಂಬಿಸಿಕೊಂಡಿದ್ದರು. ಕೌಂಟರಿನ ಹುಡುಗಿ ಡಬ್ಬಿ ತೆರೆದು ನೋಡಿ, “ಅಂಕಲ್, ಐಸ್ ಆಚೆ ಸುರಿದು ಒರೆಸಿಕೊಂಡು ಬನ್ನಿ” ಅಂದಳಂತೆ. ಕೆಂಪು ಕಣಕ್ಕೆ ತಂಪು ಡಬ್ಬಿ ಸರಿ, ಅಲ್ಲೂ ಐಸು ಬ್ಯಾಗಿಗೆ ನೇರ ತಾಗಬಾರದು. ಪ್ಲೇಟ್‌ಲೆಟ್ಟಿಗೆ ಐಸೇ ಬೇಡ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಂದು ಗಂಟೆ ನಿಂತರೂ ಬೇಡ. ಬಿಸಿಲು ಬೀಳದ ಹಾಗೆ ಹಿಡಿದುಕೊಂಡರೆ ಸಾಕು.

ಮನೆಯ ಹಿರಿಯರು ‘ಪೂರ್ತಿ ರಕ್ತವನ್ನೇ ಕೊಡಿಸಿ, ಶಕ್ತಿ ಬರುತ್ತೆ’ ಅನ್ನುತ್ತಾರೆ. ಹಿಮೋಗ್ಲೋಬಿನ್ ಮಾತ್ರ ಕಮ್ಮಿ ಇರುವವರಿಗೆ ಅದರ ಜೊತೆ ಪ್ಲಾಸ್ಮಾ ಕೂಡ ತುಂಬಿಸಿದರೆ ಸುಮ್ನೆ ನೀರು ಜಾಸ್ತಿ ಆಗುತ್ತದೆ. ಹೃದಯ ವೀಕ್ ಇರುವವರಿಗೆ ಆ ಭಾರವೇ ಅಪಾಯ. ಫ್ರಿಜ್ಜಿನಲ್ಲಿಟ್ಟ ಪೂರ್ತಿ ರಕ್ತದಲ್ಲಿ ಕೆಲಸಕ್ಕೆ ಬರುವ ಪ್ಲೇಟ್‌ಲೆಟ್ಟೂ ಉಳಿದಿರಲ್ಲ. ಬೇಕಾದ ಭಾಗ ಮಾತ್ರ ಏರಿಸುವ ಈಗಿನ ಕ್ರಮವೇ ವಾಸಿ.

ಗುಂಪಿನ ಲೆಕ್ಕ, ಎರಡೂ ದಿಕ್ಕಿನಿಂದ

ಎ, ಬಿ, ಓ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದರು, 1930ರಲ್ಲಿ ಅದಕ್ಕೆ ನೊಬೆಲ್ ಬಂತು. ಅವರ ಹುಟ್ಟುಹಬ್ಬ ಜೂನ್ 14. ಪ್ರತಿ ವರ್ಷ ಆ ದಿನ ರಕ್ತದಾನಿಗಳ ದಿನ ಮಾಡೋದು ಅದಕ್ಕೇ.

ಲೆಕ್ಕ ಹೀಗಿದೆ. ಎ ಗುಂಪಿನವರ ಕೆಂಪು ಕಣದ ಮೇಲೆ ಎ ಅನ್ನುವ ಗುರುತು, ಬಿ ಗುಂಪಿನವರದ್ದರ ಮೇಲೆ ಬಿ, ಎಬಿ ಅವರಿಗೆ ಎರಡೂ, ಓ ಅವರಿಗೆ ಎರಡೂ ಇಲ್ಲ. ತನ್ನಲ್ಲಿ ಇಲ್ಲದ ಗುರುತಿನ ವಿರುದ್ಧ ಪ್ಲಾಸ್ಮಾದಲ್ಲಿ ಪ್ರತಿಕಾಯ ಅನ್ನುವ ಕಾವಲುಗಾರರು ಇರುತ್ತಾರೆ. ಎ ಅವರ ಪ್ಲಾಸ್ಮಾ ಬಿ ಗುರುತನ್ನು ಕಂಡರೆ ಮೇಲೆ ಬೀಳುತ್ತದೆ. ಓ ಅವರ ಪ್ಲಾಸ್ಮಾ ಎ, ಬಿ ಎರಡರ ಮೇಲೂ ಬೀಳುತ್ತದೆ. ಎಬಿ ಅವರ ಪ್ಲಾಸ್ಮಾದಲ್ಲಿ ಇಬ್ಬರೂ ಇಲ್ಲ.

ಹಾಗಾಗಿ ಕೆಂಪು ಕಣ ಕೊಡುವಾಗ ಓ ಎಲ್ಲರಿಗೂ ಆಗುತ್ತದೆ. ಎ ಆದರೆ ಎ ಮತ್ತು ಎಬಿಗೆ, ಬಿ ಆದರೆ ಬಿ ಮತ್ತು ಎಬಿಗೆ, ಎಬಿ ಆದರೆ ಎಬಿಗೆ ಮಾತ್ರ. ಪ್ಲಾಸ್ಮಾಕ್ಕೆ ಬಂದರೆ ಇದು ಪೂರ್ತಿ ತಿರುಗುಮುರುಗು. ಎಬಿ ಪ್ಲಾಸ್ಮಾ ಎಲ್ಲರಿಗೂ ಆಗುತ್ತದೆ, ಓ ಪ್ಲಾಸ್ಮಾ ಓ ಅವರಿಗೆ ಮಾತ್ರ. ‘ಓ ನೆಗೆಟಿವ್ ಅಂದರೆ ಎಲ್ಲರಿಗೂ ಕೊಡಬಹುದು’ ಅಂತ ಶಾಲೆಯಲ್ಲಿ ಕಲಿತದ್ದು ಕೆಂಪು ಕಣದ ಮಟ್ಟಿಗೆ ಮಾತ್ರ ನಿಜ.

ಪಾಸಿಟಿವ್, ನೆಗೆಟಿವ್ ಅನ್ನೋದು ಆರ್‌ಎಚ್ ಅನ್ನುವ ಇನ್ನೊಂದು ಗುರುತು ಇದೆಯೋ ಇಲ್ಲವೋ ಅನ್ನುವ ಲೆಕ್ಕ. ನೆಗೆಟಿವ್ ರಕ್ತ ಪಾಸಿಟಿವ್‌ನವರಿಗೆ ಆಗುತ್ತದೆ. ಪಾಸಿಟಿವ್ ಕೆಂಪು ಕಣವನ್ನು ನೆಗೆಟಿವ್‌ನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಕೊಡಬಾರದು. ಮುಂದೆ ಬಸುರಿಯಾದಾಗ ಮಗುವಿಗೆ ತೊಂದರೆ. ಪ್ಲಾಸ್ಮಾ ಕೊಡುವಾಗ ಆರ್‌ಎಚ್ ನೋಡಬೇಕಾದ ಅಗತ್ಯ ಇಲ್ಲ. ಪ್ಲೇಟ್‌ಲೆಟ್ಟಿಗೆ ಅದೇ ಗುಂಪು ಸಿಕ್ಕರೆ ಒಳ್ಳೇದು, ಸಿಗದಿದ್ದರೆ ಡಾಕ್ಟರು ಬೇರೆ ಗುಂಪಿನದ್ದಕ್ಕೂ ಒಪ್ಪಬಹುದು. ನಡುರಾತ್ರಿ ಹುಡುಕುವಾಗ ಈ ಒಂದು ಮಾತು ಕೇಳಿಟ್ಟುಕೊಂಡರೆ ಎಷ್ಟೋ ಓಡಾಟ ಉಳಿಯುತ್ತದೆ.

ಬೆಂಗಳೂರಿನ ದಾನಿಗಳಲ್ಲಿ ನೂರಕ್ಕೆ ಸುಮಾರು 40 ಜನ ಓ, 30 ಜನ ಬಿ, 24 ಜನ ಎ, ಉಳಿದ ಆರು ಜನ ಎಬಿ. ನೆಗೆಟಿವ್ ಇರುವವರು ಎಲ್ಲ ಗುಂಪು ಸೇರಿ ಐದಾರು ಜನ.

ಆರ್‌ಡಿಪಿಯೋ, ಎಸ್‌ಡಿಪಿಯೋ?

ಈಗ ಆ ಚೀಟಿಗೆ ಬರೋಣ. ಆರ್‌ಡಿಪಿ ಅಂದರೆ ಸಾಮಾನ್ಯ ರಕ್ತದಾನದ ಬ್ಯಾಗಿನಿಂದ ಬೇರೆ ಮಾಡಿದ ಪ್ಲೇಟ್‌ಲೆಟ್ಟು. ಒಂದು ಬ್ಯಾಗಿನಲ್ಲಿ ಐವತ್ತು ಅರವತ್ತು ಎಂ.ಎಲ್. ಇರುತ್ತದೆ. ದೊಡ್ಡವರಿಗೆ ಒಂದು ಏರಿಸಿದರೆ ಕೌಂಟು 5ರಿಂದ 10 ಸಾವಿರ ಏರಬಹುದು. ಅದಕ್ಕೇ ನಾಲ್ಕು, ಆರು ಅಂತ ಬರೆಯುತ್ತಾರೆ. ಎಸ್‌ಡಿಪಿ ಅಂದರೆ ಒಬ್ಬನೇ ದಾನಿಯನ್ನು ಮಷೀನಿಗೆ ಜೋಡಿಸಿ, ರಕ್ತ ತೆಗೆದು, ಪ್ಲೇಟ್‌ಲೆಟ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಮೈಗೆ ಬಿಡೋದು. ಒಂದು ಎಸ್‌ಡಿಪಿ ಐದಾರು ಆರ್‌ಡಿಪಿಗೆ ಸಮ. ಕೌಂಟು 30ರಿಂದ 60 ಸಾವಿರ ಏರಬಹುದು.

ದುಡ್ಡಿನಲ್ಲಿ ಅಜಗಜಾಂತರ. ಆರ್‌ಡಿಪಿಗೆ ಖಾಸಗಿಯಲ್ಲಿ ನಿಗದಿಯಾದ ಪ್ರೊಸೆಸಿಂಗ್ ಚಾರ್ಜು ಬ್ಯಾಗಿಗೆ 400 ರೂಪಾಯಿ, ಹೆಚ್ಚುವರಿ ಟೆಸ್ಟುಗಳದ್ದು ಬೇರೆ. ನಾಲ್ಕು ತಂದರೂ ಎರಡು ಸಾವಿರದ ಆಸುಪಾಸು. ಎಸ್‌ಡಿಪಿ ಒಂದಕ್ಕೇ ಹತ್ತು ಸಾವಿರದ ಆಸುಪಾಸು ಆಗುತ್ತದೆ. ಮಷೀನಿನ ಕಿಟ್ಟು ಒಬ್ಬರಿಗೆ ಬಳಸಿ ಬಿಸಾಡುವಂಥದ್ದು, ಬೆಲೆ ಅದರದ್ದೇ.

ಸಮಯದಲ್ಲೂ ಆರ್‌ಡಿಪಿ ಗೆಲ್ಲುತ್ತದೆ, ಸ್ಟಾಕ್ ಇದ್ದರೆ. ಎಸ್‌ಡಿಪಿಗೆ ದಾನಿ ಬರಬೇಕು, ಕೈಯ ನರ ದಪ್ಪ ಇರಬೇಕು, ಅವರದ್ದೇ ಕೌಂಟು ಒಂದೂವರೆ ಲಕ್ಷದ ಮೇಲಿರಬೇಕು, ಮೂರು ದಿನದಿಂದ ಆಸ್ಪಿರಿನ್ ನುಂಗಿರಬಾರದು. ಆಮೇಲೆ ಮಷೀನಿನ ಮೇಲೆ ಒಂದೂವರೆ ಗಂಟೆ. ದಾನಿಯ ಹುಡುಕಾಟ, ಟೆಸ್ಟು ಎಲ್ಲ ಸೇರಿ ಅರ್ಧ ದಿನ ಹೋಯಿತು ಅಂದುಕೊಳ್ಳಿ.

ಹಾಗಾದರೆ ಎಸ್‌ಡಿಪಿ ಯಾಕೆ ಬೇಕು? ನಾಲ್ಕನೆಯ ಪ್ರಶ್ನೆಗಾಗಿ, ಅಂದರೆ ಎಷ್ಟು ಜನ ದಾನಿಗಳು ಅನ್ನೋದಕ್ಕಾಗಿ. ಆರು ಆರ್‌ಡಿಪಿ ಅಂದರೆ ಆರು ಅಪರಿಚಿತರ ರಕ್ತ. ಒಬ್ಬೊಬ್ಬರಿಂದಲೂ ಸೋಂಕಿನ ಸಣ್ಣ ಅಪಾಯ ಇದ್ದೇ ಇದೆ. ಅದಕ್ಕಿಂತ ದೊಡ್ಡದು, ಮೈ ಬೇರೆಯವರ ಕಣಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳೋದು. ಹಾಗೆ ಬೆಳೆಸಿಕೊಂಡರೆ ಮುಂದೆ ಎಷ್ಟು ಪ್ಲೇಟ್‌ಲೆಟ್ ಏರಿಸಿದರೂ ಕೌಂಟು ಏರದ ಸ್ಥಿತಿ ಬರಬಹುದು.

ಡೆಂಗಿಯ ರೋಗಿಗೆ ಬೇಕಾಗೋದು ಒಂದೆರಡು ದಿನ, ಆಮೇಲೆ ಮೈಯೇ ತಯಾರಿಸಿಕೊಳ್ಳುತ್ತದೆ. ಅಲ್ಲಿ ಆರ್‌ಡಿಪಿ ಸಿಕ್ಕರೆ ನಾನು ಅದನ್ನೇ ತರುತ್ತೇನೆ. ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬ್ಲಡ್ ಕ್ಯಾನ್ಸರಿನ ಚಿಕಿತ್ಸೆಗೆ ಇರುವ ಮಗುವಿಗೆ ಕತೆ ಬೇರೆ. ಅವರಿಗೆ ಸಾಧ್ಯವಾದಷ್ಟು ಕಮ್ಮಿ ದಾನಿಗಳು ಒಳ್ಳೇದು, ಹಾಗಾಗಿ ಎಸ್‌ಡಿಪಿ. ದುಡ್ಡು ಹೊಂದಿಸೋದು ಕಷ್ಟ ಆದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ಮೊದಲೇ ಮಾತಾಡಿ.

ಇದೆಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ: ಬೇಕೇ ಬೇಕಾ? ಡೆಂಗಿಯಲ್ಲಿ ರಕ್ತಸ್ರಾವ ಇಲ್ಲದಿದ್ದರೆ ಕೌಂಟು 10 ಸಾವಿರಕ್ಕಿಂತ ಕೆಳಗೆ ಬಂದಾಗ ಮಾತ್ರ ಪ್ಲೇಟ್‌ಲೆಟ್ ಯೋಚಿಸಿ ಅನ್ನುತ್ತದೆ ರಾಷ್ಟ್ರೀಯ ಮಾರ್ಗಸೂಚಿ. ಡೆಂಗಿಯಲ್ಲಿ ಜೀವ ತೆಗೆಯೋದು ಹೆಚ್ಚಾಗಿ ರಕ್ತನಾಳದಿಂದ ಪ್ಲಾಸ್ಮಾ ಸೋರಿ ಬಿಪಿ ಕುಸಿಯೋದು. ನಾವು ಮಾತ್ರ ಕೌಂಟಿನ ಕಾಗದ ಹಿಡಿದು ಷೇರು ಮಾರ್ಕೆಟ್ ನೋಡಿದ ಹಾಗೆ ನೋಡುತ್ತಾ ಕೂರುತ್ತೇವೆ. ಚಿಕ್ಕಪ್ಪನ ಕೌಂಟು ಆವತ್ತು 34 ಸಾವಿರ ಇತ್ತು, ಎಲ್ಲೂ ರಕ್ತ ಒಸರುತ್ತಿರಲಿಲ್ಲ. ಬೆಳಗ್ಗೆ ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು “ಇನ್ನೂ ಏರಿಸಿಲ್ಲ ಅಲ್ವಾ? ಬೇಡ ಬಿಡಿ” ಅಂದರು. ನಾನು ರಾತ್ರಿಯಿಡೀ ಓಡಿ ತಂದ ನಾಲ್ಕು ಬ್ಯಾಗು ಬಳಕೆಯೇ ಆಗಲಿಲ್ಲ. ಅಲ್ಲಾಡುವ ತಟ್ಟೆಯಿಂದ ಇಳಿಸಿ ಅಷ್ಟು ಹೊತ್ತು ಆಚೆ ಇಟ್ಟಿದ್ದನ್ನು ವಾಪಸ್ ಕೂಡ ತಗೊಳ್ಳಲ್ಲ.

ನೆಂಟರ ರಕ್ತವೋ, ಕಪಾಟಿನ ರಕ್ತವೋ?

‘ಹೊರಗಿನವರದ್ದು ಬೇಡ, ನನ್ನ ತಮ್ಮನದ್ದೇ ತಗೊಳ್ಳಿ’ ಅನ್ನೋದು ತುಂಬಾ ಸಹಜ. ರಕ್ತದ ವಿಷಯದಲ್ಲಿ ಈ ಮಮತೆ ಉಲ್ಟಾ ಹೊಡೆಯಬಹುದು. ಹತ್ತಿರದ ರಕ್ತಸಂಬಂಧಿಯ ಬಿಳಿ ಕಣಗಳನ್ನು ರೋಗಿಯ ಮೈ ಪರಕೀಯ ಅಂತ ಗುರುತಿಸದೇ ಇರಬಹುದು. ಆಗ ಅವು ಅಲ್ಲೇ ಬೇರೂರಿ ರೋಗಿಯ ಅಂಗಾಂಗಗಳ ಮೇಲೇ ತಿರುಗಿ ಬೀಳುತ್ತವೆ. ಆಗೋದು ಅಪರೂಪ, ಆದರೆ ಹಾಗೇನಾದರೂ ಆಯಿತು ಅಂದರೆ ಬದುಕೋದು ಕಷ್ಟ. ಅದಕ್ಕೇ ತಂದೆತಾಯಿ, ಒಡಹುಟ್ಟಿದವರು, ಮಕ್ಕಳ ರಕ್ತ ಕೊಡಲೇಬೇಕಾದರೆ ವಿಕಿರಣ ಹಾಯಿಸಿ ಕೊಡಬೇಕು. ಆ ಸೌಲಭ್ಯ ಎಲ್ಲ ಕಡೆ ಇಲ್ಲ. ಮುಂದೆ ಮಕ್ಕಳು ಬೇಕು ಅಂದುಕೊಂಡಿರುವ ಹೆಂಡತಿಗೆ ಗಂಡನ ರಕ್ತವೂ ಬೇಡ. ಅವನ ಗುರುತುಗಳ ವಿರುದ್ಧ ಅವಳ ಮೈ ಪ್ರತಿಕಾಯ ಬೆಳೆಸಿಕೊಂಡರೆ ಹೊಟ್ಟೆಯಲ್ಲಿನ ಮಗುವಿಗೆ ಪೆಟ್ಟು.

ನೆಂಟರು ಬಂದಿದ್ದಾರೆ ಅಂದರೆ ಅವರು ಬ್ಲಡ್ ಸೆಂಟರಿಗೆ ಕೊಡಲಿ, ರೋಗಿಗೆ ಕಪಾಟಿನದ್ದು ಹೋಗಲಿ. ಎರಡೂ ಕಡೆಗೆ ಒಳ್ಳೇದು. ‘ಫ್ರೆಶ್ ರಕ್ತವೇ ಬೇಕು’ ಅನ್ನುವ ಹಟವೂ ಬೇಡ. ದೊಡ್ಡವರಲ್ಲಿ ಹೊಸದು, ಹಳೇದು ಹೋಲಿಸಿ ನೋಡಿದ ದೊಡ್ಡ ಅಧ್ಯಯನಗಳಲ್ಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿಲ್ಲ.

ದುಡ್ಡಿಗೆ ರಕ್ತ ಕೊಡುವವರನ್ನು ಹುಡುಕಿ ಕೊಡುತ್ತೇನೆ ಅನ್ನುವ ದಲ್ಲಾಳಿ ಆಸ್ಪತ್ರೆಯ ಗೇಟಿನ ಹತ್ತಿರ ಸಿಕ್ಕರೆ ಮುಂದೆ ನಡೆಯಿರಿ. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ 1998ರ ಜನವರಿಯಿಂದ ದುಡ್ಡು ಪಡೆದು ರಕ್ತ ಕೊಡೋದು ನಿಷಿದ್ಧ. ದುಡ್ಡಿಗೆ ಬಂದವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ, ಅಷ್ಟೇ ಸರಳ. ಬ್ಲಡ್ ಸೆಂಟರಿನವರು ತಗೊಳ್ಳೋದು ಪ್ರೊಸೆಸಿಂಗ್ ಚಾರ್ಜು ಮಾತ್ರ. ಕೆಂಪು ಕಣಕ್ಕೆ ಖಾಸಗಿಯಲ್ಲಿ 1,550 ರೂಪಾಯಿ ಮಿತಿ, ಸರ್ಕಾರಿಯಲ್ಲಿ ಇನ್ನೂ ಕಮ್ಮಿ. ಥಲಸ್ಸೀಮಿಯ, ಹಿಮೊಫಿಲಿಯ, ಸಿಕಲ್ ಸೆಲ್ ಇರುವವರಿಗೆ ಉಚಿತ ಕೊಡಬೇಕು ಅಂತ ನಿಯಮ ಇದೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಕೇಳಿ ಪಡೆಯೋದೇ ಇಲ್ಲ.

ಎಲ್ಲಿ ಏನು ಸ್ಟಾಕ್ ಇದೆ ಅಂತ ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಬಹುದು. ನೋಡಿದ ಮೇಲೂ ಫೋನ್ ಮಾಡಿಯೇ ಹೊರಡಿ. ಹೊಸ ತಿಪ್ಪಸಂದ್ರದ ರೋಟರಿ ಟಿಟಿಕೆ, ರೇಸ್‌ಕೋರ್ಸ್ ರಸ್ತೆಯ ರೆಡ್‌ಕ್ರಾಸ್ ಊರಿನ ಎರಡು ದಿಕ್ಕಿಗಿವೆ. ಸಂಜೆ ಆರಕ್ಕೆ ಒಂದು ಕಡೆ ಇಲ್ಲ ಅಂತ ಇನ್ನೊಂದು ಕಡೆ ಓಡೋದು ಯಾರಿಗೂ ಬೇಡ.

ಮೇಲೆ ಕೊಡುವ ದುಡ್ಡು ಯಾವುದಕ್ಕೆ ಸಾರ್ಥಕ?

ಬಿಲ್ಲಿನಲ್ಲಿ ಎರಡು ಹೆಸರು ಕಾಣುತ್ತವೆ. ಒಂದು ನ್ಯಾಟ್, ವೈರಸ್ಸಿನ ಜೀನನ್ನೇ ಹುಡುಕುವ ಪರೀಕ್ಷೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯ, ಈ ಐದು ಪರೀಕ್ಷೆ ಪ್ರತಿ ಬ್ಯಾಗಿಗೂ ಕಡ್ಡಾಯ. ನ್ಯಾಟ್ ಇದರಲ್ಲಿ ವೈರಸ್ಸುಗಳನ್ನು ಕೆಲವು ದಿನ ಮುಂಚೆಯೇ ಹಿಡಿಯುತ್ತದೆ. ಪದೇ ಪದೇ ರಕ್ತ ಬೇಕಾದವರಿಗೆ ಸಾಲ ಮಾಡಿಯಾದರೂ ನ್ಯಾಟ್ ಆದದ್ದೇ ತಗೊಳ್ಳಿ ಅನ್ನುತ್ತೇನೆ. ಒಂದೇ ಸಲದ ರೋಗಿಗೆ, ಬಜೆಟ್ ಬಿಗಿ ಇದ್ದರೆ, ಕಡ್ಡಾಯ ಪರೀಕ್ಷೆ ಆದ ರಕ್ತ ಸಾಕು. ಇನ್ನೊಂದು ಬಿಳಿ ಕಣ ಸೋಸುವ ಫಿಲ್ಟರು. ಚಳಿಜ್ವರದ ರಿಯಾಕ್ಷನ್ ಕಮ್ಮಿ ಮಾಡುತ್ತದೆ. ಥಲಸ್ಸೀಮಿಯ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಅವರಿಗೆ ಇದು ಬೇಕೇ ಬೇಕು.

ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಇವೆರಡಕ್ಕಿಂತ ದೊಡ್ಡದು. ಟ್ಯೂಬಿನ ಮೇಲಿನ ಹೆಸರು, ಐಪಿ ನಂಬರು (ಒಳರೋಗಿ ಸಂಖ್ಯೆ) ಚೀಟಿಗೆ ತಾಳೆಯಾಗುತ್ತಾ ನೋಡಿ. ಬ್ಯಾಗು ಏರಿಸುವ ಮುಂಚೆ ಅದರ ಮೇಲಿನ ಗುಂಪು, ಹೆಸರು ಮತ್ತೊಮ್ಮೆ ನೋಡಿ. ತಪ್ಪು ಗುಂಪಿನ ರಕ್ತ ಏರಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಹೆಸರು ಅದಲುಬದಲಾದ್ದರಿಂದ ಆಗುತ್ತವೆ. ಮೊದಲ 15 ನಿಮಿಷ ಮಂಚದ ಪಕ್ಕ ಬಿಟ್ಟು ಕದಲಬೇಡಿ. ಚಳಿ, ಬೆನ್ನುನೋವು, ಉಸಿರುಕಟ್ಟು ಅಂದರೆ ತಕ್ಷಣ ಸಿಸ್ಟರನ್ನು ಕರೆಯಿರಿ.

ಕಾರ್ಡಿನಲ್ಲಿ ಓ, ಒಳಗೆ ಬೇರೆ

ಕೆಲವರಿಗೆ ಆಯ್ಕೆಯೇ ಇರಲ್ಲ. ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ ಬಾಂಬೆ ಗುಂಪು ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದೆ. ಎ, ಬಿ ಗುರುತು ಕೂರೋದು ಎಚ್ ಅನ್ನುವ ಅಡಿಪಾಯದ ಮೇಲೆ. ಇವರಿಗೆ ಆ ಅಡಿಪಾಯವೇ ಇಲ್ಲ. ಸಾದಾ ಪರೀಕ್ಷೆಯಲ್ಲಿ ಓ ಅಂತ ಕಾಣುತ್ತದೆ. ಆದರೆ ಓ ರಕ್ತದಲ್ಲಿ ಎಚ್ ತುಂಬಿರುತ್ತದೆ, ಇವರ ಪ್ಲಾಸ್ಮಾ ಅದನ್ನು ಸಹಿಸಲ್ಲ. ಇವರಿಗೆ ಬಾಂಬೆ ಗುಂಪಿನವರದ್ದೇ ಬೇಕು. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಈ ಗುಂಪಿನವರನ್ನು ಒಂದುಗೂಡಿಸುವ ಕೆಲಸ ಮಾಡುತ್ತಿದೆ. ನಿಮ್ಮ ಮನೆಯಲ್ಲಿ ಯಾರದ್ದಾದರೂ ಓ ಗುಂಪಿಗೆ ಯಾವ ಓ ಬ್ಯಾಗೂ ಕ್ರಾಸ್‌ಮ್ಯಾಚ್ (ರೋಗಿಯ ರಕ್ತದೊಂದಿಗೆ ಬೆರೆಸಿ ನೋಡುವ ಪರೀಕ್ಷೆ) ಆಗುತ್ತಿಲ್ಲ ಅಂದರೆ, ಬ್ಯಾಗು ಬದಲಿಸುತ್ತಾ ಕೂರಬೇಡಿ, ‘ಬಾಂಬೆ ನೋಡಿದ್ರಾ’ ಅಂತ ಕೇಳಿ.

ಹಾಗೆ ಹೊಂದದ ಒಂದು ಓ ಪಾಸಿಟಿವ್ ರಕ್ತದಿಂದಲೇ ನಮ್ಮ ಬೆಂಗಳೂರಿನ ಹೆಸರು ರಕ್ತಗುಂಪುಗಳ ಪುಸ್ತಕ ಸೇರಿತು. ಕೋಲಾರದ ಕಡೆಯ ಮಹಿಳೆಯೊಬ್ಬರಿಗೆ ಹೃದಯದ ಆಪರೇಷನ್ ಆಗಬೇಕಿತ್ತು, ಯಾವ ಓ ರಕ್ತವೂ ಹೊಂದಲಿಲ್ಲ. ಸ್ಯಾಂಪಲ್ ರೋಟರಿ ಟಿಟಿಕೆ ಬ್ಲಡ್ ಸೆಂಟರಿಗೆ ಬಂತು. ಮನೆಯ 20 ಜನರನ್ನು ಪರೀಕ್ಷೆ ಮಾಡಿದರೂ ಒಬ್ಬರದ್ದೂ ಕೂಡಿಬರಲಿಲ್ಲ. ಡಾಕ್ಟರುಗಳು ರಕ್ತ ಏರಿಸದೆಯೇ ಆಪರೇಷನ್ ಮುಗಿಸಿದರು. ಸ್ಯಾಂಪಲ್ಲು ಬ್ರಿಟನ್ನಿನ ಬ್ರಿಸ್ಟಲ್‌ಗೆ ಹೋಗಿ, ತಿಂಗಳುಗಳ ಹುಡುಕಾಟದ ನಂತರ ಹಿಂದೆಂದೂ ಗುರುತಿಸದ ಒಂದು ಆ್ಯಂಟಿಜೆನ್ (ಕಣದ ಮೇಲಿನ ಗುರುತು) ಅಂತ ತೀರ್ಮಾನವಾಯಿತು. 2025ರಲ್ಲಿ ಅದಕ್ಕೆ ‘ಕ್ರಿಬ್’ ಅಂತ ಹೆಸರಿಟ್ಟರು. ಕ್ರೋಮರ್ ಅನ್ನುವ ರಕ್ತಗುಂಪು ವ್ಯವಸ್ಥೆ, ಇಂಡಿಯಾ, ಬೆಂಗಳೂರು, ಮೂರನ್ನೂ ಸೇರಿಸಿ ಮಾಡಿದ ಹೆಸರು.

ನೀವು ದಾನಿಯಾದರೆ ಏನು ಕೊಡಬೇಕು?

ಸಾಮಾನ್ಯ ರಕ್ತದಾನಕ್ಕೆ ವಯಸ್ಸು 18ರಿಂದ 65, ಹಿಮೋಗ್ಲೋಬಿನ್ 12.5, ತೂಕ 45 ಕೆ.ಜಿ. ಇರಬೇಕು. ತೂಕ 55 ಕೆ.ಜಿ. ದಾಟಿದ್ದರೆ 450 ಎಂ.ಎಲ್. ತೆಗೆಯಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹೋಗಿ ಬರೋಕೆ ಒಂದು ಗಂಟೆ ಸಾಕು, ಅದರಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗೋದು ಹತ್ತೇ ನಿಮಿಷ. ಎಸ್‌ಡಿಪಿಗೆ 50 ಕೆ.ಜಿ. ತೂಕ ಬೇಕು, ಎರಡು ಗಂಟೆ ಬಿಡುವು ಬೇಕು. ಆದರೆ 48 ಗಂಟೆ ಬಿಟ್ಟು ಮತ್ತೆ ಕೊಡಬಹುದು, ವಾರಕ್ಕೆ ಎರಡು, ವರ್ಷಕ್ಕೆ 24 ಮೀರಬಾರದು. ಸಾಮಾನ್ಯ ರಕ್ತ ಕೊಟ್ಟ ಮೇಲಾದರೆ 28 ದಿನ ಕಾಯಬೇಕು.

ಓ ನೆಗೆಟಿವ್ ಆಗಿದ್ದರೆ ಸಾಮಾನ್ಯ ರಕ್ತವನ್ನೇ ಕೊಡಿ. ನಿಮ್ಮ ಕೆಂಪು ಕಣದ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಕ್ಯಾಂಪಿನಲ್ಲಿ ಸಿಕ್ಕಸಿಕ್ಕಾಗ ಕೊಡೋದಕ್ಕಿಂತ ಒಂದು ಬ್ಲಡ್ ಸೆಂಟರಿನಲ್ಲಿ ಹೆಸರು ಬರೆಸಿ, ಅವರು ಕರೆದಾಗ ಹೋಗಿ. ಬೇರೆ ನೆಗೆಟಿವ್‌ನವರಿಗೂ ಇದೇ ಮಾತು. ಓ, ಬಿ, ಎ ಪಾಸಿಟಿವ್‌ನವರು ಕಾಲ ನೋಡಿ ಕೊಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ಕ್ಯಾಂಪುಗಳು ಕಮ್ಮಿ, ಕಪಾಟು ಖಾಲಿ. ದಸರಾ ದೀಪಾವಳಿಗೆ ಅರ್ಧ ಬೆಂಗಳೂರು ಊರಿಗೆ ಹೋದಾಗಲೂ ಅದೇ ಕತೆ. ಮಳೆಗಾಲದಲ್ಲಿ ಡೆಂಗಿ ಏರಿದಾಗ ಪ್ಲೇಟ್‌ಲೆಟ್ಟಿಗೆ ಹಾಹಾಕಾರ, ಆಗ ನರ ಚೆನ್ನಾಗಿರುವವರು ಎಸ್‌ಡಿಪಿಗೆ ಹೆಸರು ಕೊಡಿ.

ನಾನು ಎಬಿ ಪಾಸಿಟಿವ್. ವರ್ಷಗಟ್ಟಲೆ ಯಾರೂ ಕರೆಯುತ್ತಿರಲಿಲ್ಲ, ನನ್ನ ಕೆಂಪು ಕಣ ಆಗೋದು ಎಬಿ ಪಾಸಿಟಿವ್‌ನವರಿಗೆ ಮಾತ್ರ. ಕೆಲಸಕ್ಕೆ ಬಾರದ ಗುಂಪು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಆವತ್ತು ಆ ಟ್ಯೂಬ್‌ಲೈಟಿನ ಕೆಳಗೆ ಸುಳಿ ತೋರಿಸಿದ ಟೆಕ್ನಿಷಿಯನ್ನೇ ಕೇಳಿದರು, “ಸಾರ್, ಪ್ಲೇಟ್‌ಲೆಟ್ ತೇಲೋದು ಪ್ಲಾಸ್ಮಾದಲ್ಲೇ. ನಿಮ್ಮ ಪ್ಲಾಸ್ಮಾ ಯಾವ ಗುಂಪಿಗೂ ಆಗತ್ತೆ, ಪ್ಲೇಟ್‌ಲೆಟ್ ಕೊಡ್ತೀರಾ?” ತೋಳು ಚಾಚಿ ತೋರಿಸಿದೆ. ನರ ಒತ್ತಿ ನೋಡಿ, ತೋಳಿಗೆ ಪಟ್ಟಿ ಬಿಗಿದು ಇನ್ನೊಮ್ಮೆ ಒತ್ತಿ ನೋಡಿ, “ಶನಿವಾರ ಬೆಳಗ್ಗೆ ಬನ್ನಿ, ತಿಂಡಿ ತಿಂದು ಬನ್ನಿ” ಅಂದರು.